ಚೆನ್ನುವಿಗೆ ಹಾಕಿದ ಗಾಳ

ಶನಿವಾರ ಮಧ್ಯಾಹ್ನ ಹಿಡಿದ ಮಳೆ ಭಾನುವಾರ ಸಂಜೆಯಾದರೂ ಬಿಡುವ ಲಕ್ಷಣವಿರಲಿಲ್ಲ. 2018ರ ಜುಲೈ ತಿಂಗಳು, ಸಿಡ್ನಿಯಿಂದ ದಿನದ ದಾರಿಯಲ್ಲಿರುವ ಟ್ರುಗನಿನಾದಲ್ಲಿ ಆಗ ಚಳಿಗಾಲ, ಐದೂವರೆಗೇ ಕತ್ತಲು. ನತಾಲಿಯಾಳ ಮನೆಗೆ ಊಟಕ್ಕೆ ಬಂದವರು ಸಾನ್ನ, ಹಂದಿಮಾಂಸ ಹೊಡೆದು, ಎರಡೆರಡು ಸಲ ಚಹಾ ಕುಡಿದು, ಹೊರಡುತ್ತೇವೆ ಹೊರಡುತ್ತೇವೆ ಎನ್ನುತ್ತಲೇ ಗರಾಜಿನಲ್ಲಿ ಹೀಟರಿನ ಸುತ್ತ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದರು. ಅವರ ನಡುವೆ ನತಾಲಿಯಾಳ ಮೈದುನ ಓಲ್ವಿನ್ ತನ್ನ ಹೊಸ ಪೆಟ್ಟಿಗೆಯನ್ನು ಕೇರಂ ಬೋರ್ಡಿನ ಮೇಲೆ ಬಿಚ್ಚಿಟ್ಟ.

ಪೆಟ್ಟಿಗೆಯ ತುಂಬ ಲ್ಯೂರುಗಳು. ಅಂದರೆ ಪ್ಲಾಸ್ಟಿಕ್ಕು, ರಬ್ಬರು, ತಗಡಿನಲ್ಲಿ ಮಾಡಿದ ಸುಳ್ಳು ಮೀನು, ಸುಳ್ಳು ಹುಳ, ಸುಳ್ಳು ಕಪ್ಪೆ. ಪ್ರತಿಯೊಂದರ ಹೊಟ್ಟೆಯಡಿ ಮಾತ್ರ ನಿಜವಾದ ಗಾಳ. ಮುಂದಿನ ಶನಿವಾರ ಗೆಳೆಯನೊಬ್ಬನ ಫಾರ್ಮಿನ ಕೆರೆಗೆ ಬಾಸ್ ಮೀನು ಹಿಡಿಯಲು ಹೊರಟಿದ್ದ ಅವನಿಗೆ ಇದರಲ್ಲಿ ಯಾವುದನ್ನು ಒಯ್ಯುವುದೆಂಬುದೇ ದೊಡ್ಡ ಚಿಂತೆ. ಯೂಟ್ಯೂಬಿನಲ್ಲಿ ಒಬ್ಬೊಬ್ಬ ಒಂದೊಂದು ಹೇಳುತ್ತಿದ್ದ. ಊಟಕ್ಕೆ ಬಂದಿದ್ದ ಉಡುಪಿಯ ಮನೀಷ್ ದೊಡ್ಡದನ್ನು ಎತ್ತಿ ತೋರಿಸಿದ. ಅವನ ಹೆಂಡತಿ ವಿಜೇತಾ ಬಣ್ಣ ಚೆನ್ನಾಗಿದೆ ಎಂದು ಗುಲಾಬಿಯದ್ದನ್ನು ಆರಿಸಿದಳು.

"ಮದಗ ಸಣ್ಣದಾ, ದೊಡ್ಡದಾ?" ಎಂದು ಮೂಲೆಯಿಂದ ಕೇಳಿದವರು ಆನ್ಸಿಲ್ಲಾ ಟೀಚರ್.

ಟೀಚರ್ ಎಂದರೆ ನತಾಲಿಯಾಳ ತಾಯಿ. ಎಪ್ಪತ್ತನಾಲ್ಕು ವರ್ಷ. ಕಿನ್ನಿಗೋಳಿ ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವರು. ಬಾಯಿಬಿಟ್ಟರೆ ಪಾಠದ ಪುಸ್ತಕ ಓದಿದ ಹಾಗಿರುತ್ತದೆ ಎಂದು ಬೆಂಗಳೂರಿನಲ್ಲಿ ಬೆಳೆದ ವಿಜೇತಾ ಅವರನ್ನು ಕಿಚಾಯಿಸುವುದುಂಟು. ಅವರು ಎದ್ದುಬಂದು, ಕನ್ನಡಕ ಸರಿಮಾಡಿಕೊಂಡು, ಪೆಟ್ಟಿಗೆಯೊಳಗೆ ಬೆರಳಾಡಿಸಿದರು. ಸಣ್ಣ ಮದಗಕ್ಕೆ ಸಣ್ಣ ಲ್ಯೂರೇ ಆಗಬೇಕು, ದೊಡ್ಡದು ಧೊಪ್ಪನೆ ಬಿದ್ದರೆ ಇದ್ದ ಮೀನೆಲ್ಲ ಅಡಗುತ್ತದೆ ಎಂದರು. ನೀರು ಕೆಸರಾಗಿದ್ದರೆ ಈ ತಗಡು ತಿರುಗುವ ಸ್ಪಿನ್ನರ್, ಕಾಣದಿದ್ದರೂ ಮೀನಿಗೆ ಅದರ ನಡುಕ ತಿಳಿಯುತ್ತದೆ. ಸೂರ್ಯ ಇಳಿದು ನೀರು ಅಲುಗದೆ ನಿಂತಾಗ ಮೇಲೆ ತೇಲುವ ಪಾಪರ್, ಅದೂ ಕಪ್ಪು ಬಣ್ಣದ್ದು. ಹಾಕಿದ ಮೇಲೆ ಎಳೆಯಬಾರದು. ಉಂಗುರ ಉಂಗುರವಾಗಿ ಎದ್ದ ಅಲೆ ಪೂರ್ತಿ ಸಾಯುವವರೆಗೆ ಕಾಯಬೇಕು.

ಓಲ್ವಿನ್ ಬಾಯಿ ಬಿಟ್ಟುಕೊಂಡು ನೋಡಿದ. ಟೀಚರ್ ಮೀನು ಕೊಯ್ಯುವುದನ್ನು ನೋಡಿದ್ದ, ಹಿಡಿದದ್ದನ್ನು ನೋಡಿರಲಿಲ್ಲ. ಇದೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದ.

"ನಾನು ಕಲಿಯಲಿಲ್ಲ ಮಗಾ. ಕಲಿತವನೊಬ್ಬ ನನ್ನ ಅಡುಗೆಮನೆಯಲ್ಲಿ ಕೂತು ಅಳುತ್ತಾ ಹೇಳಿದ್ದು. ಕುರ್ಚಿ ಹತ್ತಿರ ಎಳೆದುಕೊಳ್ಳಿ... ಮಳೆ ನಿಲ್ಲುವ ಹಾಗಿಲ್ಲ. ಹೇಳಿಬಿಡುತ್ತೇನೆ."

ನತಾಲಿಯಾ ಬೇಡ ಮಮ್ಮಿ ಎಂದಳು. ಟೀಚರ್ ಕೇಳಿಸಿಕೊಳ್ಳಲಿಲ್ಲ. ಅವರು ಹೇಳಿದ್ದು ಹೀಗೆ.

ಇದು ಸಿಡ್ನಿಯಲ್ಲಿ ನಡೆದದ್ದು, ನಾನು ಮಗ ಕ್ಲಾರೆನ್ಸನ ಮನೆಯಲ್ಲಿದ್ದಾಗ. ಸ್ಕೋಫೀಲ್ಡ್ಸ್ ಅಂದರೆ ಆಗ ಅರ್ಧ ಪೇಟೆ, ಅರ್ಧ ಹುಲ್ಲುಗಾವಲು. ಬೇಲಿಯ ಈ ಬದಿ ಹೊಸ ಮನೆಗಳು, ಕಿಟಕಿಯಿಂದ ಕೈ ಚಾಚಿದರೆ ಪಕ್ಕದವರ ಗೋಡೆ. ಆ ಬದಿ ಕೆನ್ ಎಂಬ ಮುದುಕನ ಫಾರ್ಮು, ಹತ್ತು ದನ, ಒಂದು ಮದಗ. ಈ ದೇಶದಲ್ಲಿ ದನ ನೀರು ಕುಡಿಯುವ ಗುಂಡಿಗೂ ಡ್ಯಾಮ್ ಎನ್ನುತ್ತಾರೆ, ಗೊತ್ತುಂಟಲ್ಲ? ನನಗೆ ಹಾಗೆ ಹೇಳಲು ನಾಲಿಗೆ ಬರುವುದಿಲ್ಲ, ನಾನು ಮದಗ ಎಂದೇ ಹೇಳುತ್ತೇನೆ. ಕೆನ್ ಅದರಲ್ಲಿ ಎಂದೋ ಬಾಸ್ ಮರಿ ತಂದು ಬಿಟ್ಟಿದ್ದ. ಅವು ಬೆಳೆದು ಮೊಳದುದ್ದ ಆಗಿದ್ದವು.

ನಮ್ಮಿಂದ ಮೂರನೇ ಮನೆ ತನಿಯಪ್ಪನದ್ದು. ಮುಲ್ಕಿಯ ಹೊಳೆಬದಿಯಲ್ಲಿ ಹುಟ್ಟಿದವನು, ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಹೆಂಡತಿ ಚೆನ್ನು, ವೃದ್ಧರ ಆರೈಕೆ ಮನೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ಮಕ್ಕಳಿಲ್ಲ. ಚೆನ್ನು ಎಂಥ ಹೆಂಗಸು ಎಂದರೆ, ನನ್ನ ಮಂಡಿ ನೋವಿಗೆ ತಾನೇ ಎಣ್ಣೆ ಕಾಸಿ ತಂದು, ಹಚ್ಚಿ, ಹಚ್ಚುವಷ್ಟು ಹೊತ್ತೂ ತನ್ನ ಅಕ್ಕ ಗೌರಕ್ಕನ ಸುದ್ದಿಯನ್ನೇ ಹೇಳುವವಳು. ಗೌರಕ್ಕ ಪಡುಬಿದ್ರಿಯಲ್ಲಿದ್ದಳು. ಅಕ್ಕನ ಅಡುಗೆಮನೆಯಲ್ಲಿ ಮಣೆ ಹಾಕಿ ಕೂತು ಒಂದು ಗಂಜಿ ಊಟ ಮಾಡಬೇಕು ಟೀಚರ್, ಮತ್ತೆ ಬೇರೇನೂ ಬೇಡ ನನಗೆ ಎನ್ನುತ್ತಿದ್ದಳು. ಏಳು ವರ್ಷ ಊರಿಗೆ ಹೋಗಿರಲಿಲ್ಲ. ಮೊದಲು ಇಲ್ಲೇ ಉಳಿಯಲು ಪಿಆರ್ ಆಗಲಿ ಎಂದ ತನಿಯಪ್ಪ, ಆಮೇಲೆ ಮನೆ ಆಗಲಿ ಎಂದ, ಆಮೇಲೆ ಮಾರ್ಟ್‌ಗೇಜ್ ಸ್ವಲ್ಪ ಇಳಿಯಲಿ ಎಂದ. ಅವಳ ಮಂಚದಡಿ ಒಂದು ಸೂಟ್‌ಕೇಸು ಯಾವಾಗಲೂ ಅರ್ಧ ತುಂಬಿ ಇರುತ್ತಿತ್ತು. ಅಕ್ಕನ ಮೊಮ್ಮಕ್ಕಳಿಗೆಂದು ಚಾಕೊಲೇಟು ತಂದು ಇಡುವಳು, ಡೇಟು ಮುಗಿದ ಮೇಲೆ ತೆಗೆದು ನಮ್ಮ ಮಕ್ಕಳಿಗೆ ಕೊಡುವಳು, ಮತ್ತೆ ಹೊಸದು ತಂದು ಇಡುವಳು...

ಆಗಲಿ. ಕೆಲಸ ಬಿಟ್ಟರೆ ಮನೆ, ಮನೆ ಬಿಟ್ಟರೆ ಕೆಲಸ ಎಂದಿದ್ದ ತನಿಯಪ್ಪನನ್ನು ಒಂದು ದಿನ ಬೇಲಿಯಾಚೆಯಿಂದ ಕೆನ್ ಕೈಬೀಸಿ ಕರೆದ, ಮೀನು ಹಿಡಿಯಲು ಬರುತ್ತೀಯಾ ಎಂದು. ಕರೆದರೆ ಬಿಡುತ್ತಾನಾ? ಹೊಳೆಬದಿಯವನು! ಆದರೆ ಅಲ್ಲಿನ ಕ್ರಮವೇ ಬೇರೆ. ಎರೆಹುಳ ಇಲ್ಲ, ಸಿಗಡಿ ಇಲ್ಲ, ಬರೀ ಲ್ಯೂರು. ಹಿಡಿದ ಮೀನನ್ನು ಫೋಟೋ ತೆಗೆದು ವಾಪಸು ನೀರಿಗೆ ಬಿಡಬೇಕು. ನಮ್ಮ ಕಡೆಯವರಿಗೆ ಹೊಟ್ಟೆ ಉರಿಯುವುದಿಲ್ಲವಾ, ನೀವೇ ಹೇಳಿ? ಮೊದಮೊದಲು ತನಿಯಪ್ಪನಿಗೂ ಉರಿಯಿತು. ಆಮೇಲೆ ಅವನಿಗೆ ಮೀನು ಮರೆತುಹೋಯಿತು, ಲ್ಯೂರಿನ ಹುಚ್ಚು ಹಿಡಿಯಿತು. ಮೀನು ಎಂತದಕ್ಕೆ ಮರುಳಾಗುತ್ತದೆ, ಇವತ್ತು ಮೋಡ, ಇವತ್ತು ಬಿಸಿಲು, ಇವತ್ತು ಗಾಳಿ, ಯಾವುದಕ್ಕೆ ಬಾಯಿ ಹಾಕುತ್ತದೆ... ಇದೊಂದೇ ಧ್ಯಾನ. ಒಂದನ್ನು ಬೆನ್ನಟ್ಟಿ ದಡದವರೆಗೆ ಬಂದು, ನೋಡಿ, ಬೇಡ ಎಂದು ತಿರುಗಿ ಹೋಗುವ ಮೀನು ಉಂಟಲ್ಲ, ಅದು ಅವನ ನಿದ್ದೆ ಕೆಡಿಸಿತು. ಆ ಮೀನಿಗೆ ಸರಿಯಾದದ್ದು ಯಾವುದು ಎಂದು ಕೂತಲ್ಲಿ ನಿಂತಲ್ಲಿ ಯೋಚಿಸುವನು.

ಚೆನ್ನುವಿಗೆ ಇದು ಸರಿ ಕಾಣಲಿಲ್ಲ. ಎರೆಹುಳ ಹಾಕಿದರೆ ಸಾಯುವ ಮೊದಲು ಅದಕ್ಕೆ ಒಂದು ತುತ್ತಾದರೂ ಸಿಗುತ್ತದೆ, ಇದು ಹಸಿದದ್ದಕ್ಕೆ ರಬ್ಬರು ತೋರಿಸಿ ಎಳೆಯುವುದು, ಇಂಥ ಪಾಪ ಬೇಡ ಎಂದಳು. ಅವನು ನಕ್ಕ. ಅವಳು ಮತ್ತೂ ಹೇಳಿದಾಗ ಮಾತು ಬೇಡವೆಂದು ಒಂದು ಉಪಾಯ ಮಾಡಿದ. ಶನಿವಾರ ಓವರ್‌ಟೈಮ್ ಎಂದು ಹೇಳಿ, ವೇರ್‌ಹೌಸಿನ ಹಳದಿ ಅಂಗಿ ಹಾಕಿಕೊಂಡೇ ಮದಗಕ್ಕೆ ಹೋಗತೊಡಗಿದ. ಚೆನ್ನು ಅವನಿಗೆ ಬುತ್ತಿ ಕಟ್ಟಿಕೊಡುತ್ತಿದ್ದಳು. ಪಾಪ, ಅದೂ ಒಂದು ಚಪಾತಿ ಹೆಚ್ಚು ಹಾಕಿ.

2012ರ ಮಾರ್ಚ್ ತಿಂಗಳ ಒಂದು ಶನಿವಾರ. ಸಂಜೆ ಐದಕ್ಕೆ ನಮ್ಮ ಬಾಗಿಲು ಬಡಿದದ್ದು ಚೆನ್ನು. ಎದೆ ಹಿಡಿದುಕೊಂಡಿದ್ದಳು. ಇವರು ಫೋನು ಎತ್ತುವುದಿಲ್ಲ ಟೀಚರ್ ಎಂದಳು. ಕ್ಲಾರೆನ್ಸ್ ಆಂಬುಲೆನ್ಸಿಗೆ ಫೋನ್ ಮಾಡಿದ. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕೈಯಲ್ಲಿದ್ದ ಫೋನು ಬಿಡಲೊಲ್ಲಳು, ಒತ್ತುತ್ತಲೇ ಇದ್ದಳು. ಆಂಬುಲೆನ್ಸು ಬಂತು, ಬೇಗನೇ ಬಂತು, ಅವರದ್ದು ತಪ್ಪಿಲ್ಲ. ಹೊಸಿಲಲ್ಲೇ ಎಲ್ಲ ಮುಗಿದಿತ್ತು.

ಆ ಹೊತ್ತಿಗೆ ತನಿಯಪ್ಪ ಎಲ್ಲಿದ್ದ? ನಮ್ಮ ಬೇಲಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಸದ್ದಿಗೆ ಮೀನು ಬೆದರುತ್ತದೆಂದು ಫೋನನ್ನು ಸೈಲೆಂಟಿಗೆ ಹಾಕಿ, ಲ್ಯೂರಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದ. ಪಾಪರ್ ಹಾಕಿದ್ದ, ಆಗಲಿಲ್ಲ. ಸ್ಪಿನ್ನರ್ ಹಾಕಿದ್ದ, ಆಗಲಿಲ್ಲ. ಕೊನೆಗೆ ಒಂದು ಕಂದು ಬಣ್ಣದ ರಬ್ಬರು ಹುಳಕ್ಕೆ ಅವನ ಜನ್ಮದಲ್ಲೇ ದೊಡ್ಡ ಮೀನು ಸಿಕ್ಕಿತು. ಫೋಟೋ ತೆಗೆಯಲು ಫೋನು ಹೊರಗೆ ತೆಗೆದಾಗ ನೋಡಿದ, ಹದಿನಾಲ್ಕು ಸಲ ಕರೆ ಬಂದಿತ್ತು... ಅವನು ಏನು ಮಾಡಿದ ಗೊತ್ತುಂಟಾ? ಏನೋ ತರಕಾರಿ ತರಲು ಇರಬೇಕು ಎಂದುಕೊಂಡು ಮೊದಲು ಫೋಟೋ ತೆಗೆದ. ಇದನ್ನು ಅವನೇ ನನಗೆ ಹೇಳಿದ್ದು. ಹೇಳಿ ತಲೆಯನ್ನು ನನ್ನ ಮೇಜಿಗೆ ಬಡಿದುಕೊಂಡದ್ದು.

ಟೀಚರ್ ಇಲ್ಲಿ ನಿಲ್ಲಿಸಿ ಶಾಲನ್ನು ಬಿಗಿಯಾಗಿ ಎಳೆದುಕೊಂಡರು. ಗರಾಜಿನ ತಗಡು ಬಾಗಿಲಿಗೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಓಲ್ವಿನ್ ತನಗೆ ತಿಳಿಯದೆಯೇ ಜೇಬಿನಿಂದ ಫೋನು ತೆಗೆದು, ಸೈಲೆಂಟಿನಲ್ಲಿದ್ದುದನ್ನು ಬದಲಿಸಿದ. ಟೀಚರ್ ಅದನ್ನು ನೋಡಿದರು. ಮುಂದುವರಿಸಿದರು.

ತುಳುವರಲ್ಲಿ ಒಂದು ಕ್ರಮ ಉಂಟು. ಮನೀಷನಿಗೆ ಗೊತ್ತಿರಬೇಕು. ಸತ್ತವರು ಕುಲೆಯಾಗುತ್ತಾರೆ, ನಮ್ಮ ಸುತ್ತಲೇ ಇರುತ್ತಾರೆ. ಅವರಿಗೆ ಇಷ್ಟವಾದದ್ದನ್ನು ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತೆರೆಯಬೇಕು. ಉಂಡಿದ್ದರೆ ಏನಾದರೊಂದು ಕುರುಹು ಇರುತ್ತದಂತೆ, ಅನ್ನ ಒಂದಿಷ್ಟು ಕದಡಿದ್ದೋ, ಮೀನು ಜರುಗಿದ್ದೋ. ಉಂಡರೆ ಸಿಟ್ಟಿಲ್ಲ ಎಂದು ಅರ್ಥ. ನಾವು ಕ್ರಿಸ್ತಾನರು, ಇಗರ್ಜಿಯಲ್ಲಿ ಪೂಜೆ ಹೇಳಿಸುವವರು, ಆದರೂ ತನಿಯಪ್ಪ ಚೆನ್ನುವಿಗೆ ಬಡಿಸಿದ ದಿನ ನಾನೂ ಅವನ ಜೊತೆ ಹೊರಗೆ ನಿಂತೆ. ಒಬ್ಬನೇ ನಿಂತಿದ್ದ, ನೋಡಲಾಗಲಿಲ್ಲ ನನಗೆ.

ಕುರುಹು ಇರಲಿಲ್ಲ. ಬಡಿಸಿದ್ದು ಬಡಿಸಿದ ಹಾಗೇ. ದೀಪಾವಳಿಗೆ ಮತ್ತೆ ಬಡಿಸಿದ, ಇಲ್ಲ. ಬೂತಾಯಿ ಮೀನು ಬಿಟ್ಟು ಬಂಗುಡೆ ಮಾಡಿದ, ಕೋಳಿ ಮಾಡಿದ, ಅವಳು ಮಾಡುತ್ತಿದ್ದ ಹಾಗೆ ನೀರುದೋಸೆ ಹೊಯ್ದ. ಇಲ್ಲ. ಅವನಿಗೆ ಬೇಕಾದದ್ದು ಹೆಚ್ಚೇನಲ್ಲ ನೋಡಿ. ತಪ್ಪಾಯಿತು ಎಂದು ಒಂದು ಮಾತು ಅವಳಿಗೆ ಹೇಳಬೇಕಿತ್ತು. ಅವಳು ಅದನ್ನು ಕೇಳಿಸಿಕೊಂಡಳು ಎಂದು ಗೊತ್ತಾಗಬೇಕಿತ್ತು. ಅಷ್ಟೇ... ಅಷ್ಟಕ್ಕಾಗಿ ಆ ಮನುಷ್ಯ ಒಣಗಿ ಕಡ್ಡಿಯಾದ.

ಒಂದು ಸಂಜೆ, ಯಾಕೆಂದು ಅವನಿಗೂ ಗೊತ್ತಿಲ್ಲ, ತಿಂಗಳುಗಳ ಮೇಲೆ ಮದಗಕ್ಕೆ ಹೋದ. ಕಪ್ಪು ಪಾಪರ್ ಹಾಕಿದ. ಅಲೆ ಸಾಯುವವರೆಗೆ ಕಾದ. ಆಮೇಲೆ ಮೆಲ್ಲಗೆ ಎಳೆದ. ಅದರ ಹಿಂದೆ ನೀರು ಸೀಳಿಕೊಂಡು ಏನೋ ಬಂತು. ದೊಡ್ಡದು, ಬಾಸ್ ಅಷ್ಟು ದೊಡ್ಡದಿರುವುದಿಲ್ಲ. ದಡದ ಹತ್ತಿರ, ಮೊಣಕಾಲುದ್ದದ ನೀರಿನಲ್ಲಿ, ಕೂದಲು ಹರಡಿಕೊಂಡದ್ದು ಕಂಡಿತು. ಹಸಿರು ನೈಟಿ ಕಂಡಿತು. ಆ ದಿನ ನನ್ನ ಹೊಸಿಲಲ್ಲಿ ಅವಳು ತೊಟ್ಟಿದ್ದ ಅದೇ ನೈಟಿ. ಮುಖ ಮೇಲೆತ್ತಿ ಅವಳು ಲ್ಯೂರನ್ನು ನೋಡಿದಳು, ಅವನನ್ನಲ್ಲ. ನೋಡಿ... ಬೇಡ ಎಂದು ತಿರುಗಿ ಹೋದಳು.

ಅವನಿಗೆ ಹೆದರಿಕೆಯಾಗಲಿಲ್ಲವಂತೆ. ಸಂತೋಷವೇ ಆಯಿತಂತೆ! ಮನೆಯಲ್ಲಿ ಬಡಿಸಿದರೆ ಅವಳು ಯಾಕೆ ಬರುತ್ತಾಳೆ, ಅವಳ ಜೀವ ನನ್ನನ್ನು ಹುಡುಕಿಕೊಂಡು ಇಲ್ಲಿಗೆ ಬಂದುಬಿಟ್ಟಿದೆಯಲ್ಲ ಟೀಚರ್ ಎಂದ. ಆ ಹದಿನಾಲ್ಕು ಕರೆ ಬಂದು ಸೇರಿದ ಜಾಗ ಇದೇ ಎಂದ. ಅವತ್ತಿನಿಂದ ದಿನಾ ಸಂಜೆ ಅಲ್ಲೇ. ಈ ಪೆಟ್ಟಿಗೆಯಲ್ಲಿ ಇದ್ದ ಹಾಗೆ ಅವನ ಪೆಟ್ಟಿಗೆಯಲ್ಲಿ ಎಂತೆಂತದೋ ಸೇರಿತು. ಅವಳ ಗಾಜಿನ ಬಳೆಯನ್ನು ಗಾಳಕ್ಕೆ ಕಟ್ಟಿ ಹಾಕಿದ. ಅವಳ ಕರಿಮಣಿ ಕಟ್ಟಿದ. ಅವಳು ಮುಡಿಯುವ ಮಲ್ಲಿಗೆ ಇಲ್ಲಿ ಎಲ್ಲಿ ಸಿಗಬೇಕು, ಬಟ್ಟೆಯ ಹೂ ತಂದು ಕಟ್ಟಿದ. ಪ್ರತಿ ಸಲವೂ ಅವಳು ಹಿಂದೆ ಹಿಂದೆ ಬಂದು, ದಡದ ಹತ್ತಿರ ನಿಂತು, ನೋಡಿ, ತಿರುಗಿ ಹೋಗುವಳು. ಇವನು ಇನ್ನೊಂದನ್ನು ಆರಿಸುವನು.

ಕಡೆಗೆ ನನ್ನಲ್ಲಿಗೆ ಬಂದ. ಸತ್ತವರಿಗೆ ಏನು ಬೇಕಿರುತ್ತದೆ ಟೀಚರ್, ನೀವು ಓದಿದವರು ಎಂದು ಕೇಳಿದ. ನಾನು ಬಟಾಟೆ ಹೆಚ್ಚುತ್ತಿದ್ದೆ. ತಲೆಯೆತ್ತದೆ ಹೇಳಿಬಿಟ್ಟೆ, ಬದುಕಿದ್ದಾಗ ಏನು ಕೇಳುತ್ತಿದ್ದರೋ ಅದೇ ಬೇಕಿರುತ್ತದೆ ಎಂದು. ಹಾಗೆ ಹೇಳಬಾರದಿತ್ತು ನಾನು. ಎಷ್ಟು ಸಲ ಅಂದುಕೊಂಡಿದ್ದೇನೆ, ಆ ಹೊತ್ತಿಗೆ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತಾ ಎಂದು.

ಅವಳು ಏನು ಕೇಳುತ್ತಿದ್ದಳು? ಊರಿನ ಟಿಕೆಟು.

ವೀಸಾಕ್ಕೆ ಅರ್ಜಿ ಹಾಕುವಾಗ ನಮ್ಮವರೆಲ್ಲ ಡಮ್ಮಿ ಟಿಕೆಟ್ ಮಾಡಿಸುತ್ತಾರಲ್ಲ, ಹೆಸರು, ವಿಮಾನ, ತಾರೀಕು ಎಲ್ಲ ಇರುತ್ತದೆ, ಹತ್ತಲು ಮಾತ್ರ ಆಗುವುದಿಲ್ಲ... ತನಿಯಪ್ಪ ಅಂಥದ್ದೊಂದು ಮಾಡಿಸಿದ. ನಿಜವಾದ ಟಿಕೆಟ್ಟೇ ಮಾಡಿಸಬಹುದಿತ್ತು. ಆದರೆ ಸತ್ತವಳ ಹೆಸರಿಗೆ ನಿಜವಾದ ಟಿಕೆಟು ಯಾಕೆ ಎಂದು ಅವನ ತಲೆಗೆ ಹೊಳೆದದ್ದು. ಸಿಡ್ನಿಯಿಂದ ಮಂಗಳೂರಿಗೆ, ಇಬ್ಬರ ಹೆಸರಲ್ಲಿ. ಪ್ರಿಂಟ್ ತೆಗೆದು, ಮಡಚಿ, ನೀರು ಹೋಗದಂತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಕ್ಕೆ ಚುಚ್ಚಿದ. ಸೂರ್ಯ ಇಳಿಯುವ ಹೊತ್ತಿಗೆ ಮದಗದ ನಡುವಿಗೆ ಎಸೆದ. ಅಲೆ ಸಾಯುವವರೆಗೆ ಕಾಯುವ ಅಗತ್ಯವೇ ಬೀಳಲಿಲ್ಲ. ಬಿದ್ದ ಕೂಡಲೇ ಗಬಕ್ಕನೆ ಹಿಡಿದಳು.

ದಾರ ಎಳೆದರೆ ಭಾರವೇ ಇಲ್ಲವಂತೆ. ಸುತ್ತುತ್ತಾ ಬಂದ ಹಾಗೆ ಅವಳು ನೀರಿನಿಂದ ಎದ್ದು, ನಡೆದು, ದಡಕ್ಕೆ ಬಂದು ನಿಂತಳು. ಕೈಯಲ್ಲಿ ಟಿಕೆಟು, ಮುಖ ತುಂಬ ನಗು. ಏಳು ವರ್ಷದಲ್ಲಿ ಆ ನಗು ಒಂದು ಸಲವೂ ಕಂಡಿರಲಿಲ್ಲ ಎಂದ ತನಿಯಪ್ಪ. ಅವನು ಕಾಲಿಗೆ ಬೀಳುವುದೆಂದು ಬಗ್ಗಿದ, ತಪ್ಪಾಯಿತು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಕೇಳಿದಳು.

"ಯಾವಾಗ ಹೊರಡುವುದು?"

ಆ ಮುಖ ನೋಡಿಕೊಂಡು ಅವನಿಗೆ ತಪ್ಪಾಯಿತು ಎನ್ನಲಾಗಲಿಲ್ಲ. ನೀನು ಸತ್ತಿದ್ದೀ ಎನ್ನಲಾಗಲಿಲ್ಲ. ಇದು ಸುಳ್ಳು ಟಿಕೆಟು ಎನ್ನಲಾಗಲಿಲ್ಲ. ಬಾಯಿಯಿಂದ ಬಂದದ್ದು ಒಂದೇ ಮಾತು.

"ನಾಳೆ."

ಅವಳು ಅವನ ಹಿಂದೆಯೇ ಮನೆಗೆ ಬಂದಳು. ಮಂಚದಡಿಯಿಂದ ಸೂಟ್‌ಕೇಸು ಎಳೆದು ತುಂಬತೊಡಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಸೂಟ್‌ಕೇಸು ಬಾಗಿಲ ಬಳಿ, ಅದರ ಮೇಲೆ ಅವಳು, ಹಸಿರು ನೈಟಿಯಿಂದ ನೀರು ತೊಟ್ಟಿಕ್ಕುತ್ತಾ. ನಾವಿನ್ನು ಹೊರಡುವನಾ ಎಂದಳು. ನಾಳೆ ಎಂದ. ಮರುದಿನ ಬೆಳಿಗ್ಗೆ, ಹೊರಡುವನಾ? ನಾಳೆ. ಅವಳಿಗೆ ಬೇಸರವಿಲ್ಲ, ಸಿಟ್ಟಿಲ್ಲ. ದಿನಾ ಹೊಸದಾಗಿ ಅದೇ ಆಸೆ. ಸಿಟ್ಟು ಮಾಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೋ ಏನೋ.

"ಟೀಚರ್ ಆಂಟಿ," ಎಂದು ವಿಜೇತಾ ನಡುವೆ ಬಾಯಿ ಹಾಕಿದಳು, ದನಿ ಸಣ್ಣದಾಗಿತ್ತು. "ನಿಜ್ವಾಗ್ಲೂ ಟಿಕೆಟ್ ಬುಕ್ ಮಾಡಿ ಕರ್ಕೊಂಡು ಹೋಗ್ಬಹುದಿತ್ತಲ್ವಾ?"

ಹೋದ ಮಗಾ, ಅದನ್ನೂ ಮಾಡಿದ. ಆರು ತಿಂಗಳು ಕಳೆದ ಮೇಲೆ ಅವನಿಗೂ ಹಾಗೇ ತೋಚಿತು. ನಿಜವಾದ ಟಿಕೆಟು ತೆಗೆದ. ಕಾರಿನ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿದ, ಸೀಟ್‌ಬೆಲ್ಟನ್ನೂ ಹಾಕಿದನಂತೆ. ಏರ್‌ಪೋರ್ಟಿನವರೆಗೆ ದಾರಿಯುದ್ದಕ್ಕೂ ಗೌರಕ್ಕನ ಮಾತು. ಒಳಗೆ ಹೋಗುವ ಬಾಗಿಲಲ್ಲಿ ತಿರುಗಿ ನೋಡಿದರೆ ಅವಳಿಲ್ಲ. ಕುಲೆಗಳು ಕಡಲು ದಾಟುವುದಿಲ್ಲವಂತೆ. ಹಾಗೆಂದು ಆಮೇಲೆ ಊರಿನಲ್ಲಿ ಯಾರೋ ಹೇಳಿದರು ಅವನಿಗೆ. ಅವನು ಒಬ್ಬನೇ ಹೋಗಿ, ಗೌರಕ್ಕನ ಎದುರು ಕೂತು ಗಂಜಿ ಉಂಡು, ಮೂರು ವಾರಕ್ಕೆ ವಾಪಸು ಬಂದ. ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಸೂಟ್‌ಕೇಸಿನ ಜೊತೆ. ಇವನ ಮುಖ ಕಂಡ ಕೂಡಲೇ ಎದ್ದು ನಿಂತಳು. ಓವರ್‌ಟೈಮಾ, ಊಟ ಆಯ್ತಾ, ಹೊರಡುವನಾ ಎಂದಳು...

ಆಗ ಅವನು ಕೆನ್‌ನನ್ನು ಕೇಳಲು ಹೋದ. ದೆವ್ವದ ಸುದ್ದಿ ಹೇಳಲಿಲ್ಲ, ಮೀನಿನ ಮಾತಾಗಿಯೇ ಕೇಳಿದ. ಮೀನು ಲ್ಯೂರನ್ನು ಗಂಟಲಿನ ಕೆಳಗೆ ನುಂಗಿಬಿಟ್ಟರೆ ಹೇಗೆ ಬಿಡಿಸುವುದು? ಬಿಡಿಸಬಾರದು, ಎಳೆದರೆ ಕರುಳು ಹರಿಯುತ್ತದೆ ಎಂದ ಮುದುಕ. ದಾರ ಕತ್ತರಿಸಿ, ಅದರ ನೀರಿಗೇ ಮೆಲ್ಲಗೆ ವಾಪಸು ಬಿಡಬೇಕು. ನೀರೊಳಗೆ ಗಾಳ ತುಕ್ಕು ಹಿಡಿದು ತಾನಾಗಿ ಕಳಚುತ್ತದೆ.

ಅದರ ನೀರಿಗೇ. ತನಿಯಪ್ಪ ನಿರ್ಧಾರ ಮಾಡಿದ. ಅವಳನ್ನು ಮದಗಕ್ಕೆ ಕರೆದುಕೊಂಡು ಹೋಗಿ, ನೀರೊಳಗೆ ನಿಲ್ಲಿಸಿ, ಕೈ ಹಿಡಿದು, ನಿಜವನ್ನೆಲ್ಲ ಹೇಳಿ, ಕೈಬಿಡುವುದು. ಧೈರ್ಯ ತಂದುಕೊಳ್ಳಲು ಅವನಿಗೆ ಸಮಯ ಹಿಡಿಯಿತು. ಇವತ್ತು ಬೇಡ, ನಾಡಿದ್ದು. ಈ ವಾರ ಬೇಡ, ಮುಂದಿನ ವಾರ... ಅವನ ಸ್ವಭಾವವೇ ಅದಲ್ಲವಾ? ಅಷ್ಟರಲ್ಲಿ ಕೆನ್ ಫಾರ್ಮನ್ನು ಮಾರಿ ಮಗಳ ಮನೆಗೆ ಹೋದ. 2014ರ ಒಂದು ಬೆಳಿಗ್ಗೆ ಏನೋ ಗುರ್ರೆನ್ನುವ ಸದ್ದು ಕೇಳಿ ನಾನು ಬೇಲಿಯ ಹತ್ತಿರ ಹೋದೆ. ದೊಡ್ಡ ಪಂಪು ಹಚ್ಚಿ ಮದಗ ಖಾಲಿ ಮಾಡುತ್ತಿದ್ದರು. ಅಲ್ಲಿ ಮೂವತ್ತು ಮನೆ ಏಳಬೇಕಿತ್ತು. ಕೆಸರಿನಲ್ಲಿ ಹೊರಳುವ ಬಾಸ್‌ಗಳನ್ನು ಬಲೆಯಲ್ಲಿ ಎತ್ತಿ, ನೀರು ತುಂಬಿದ ಡ್ರಮ್ಮುಗಳಿಗೆ ಹಾಕಿ, ಬೇರೆ ಕಡೆ ಬಿಡಲು ಒಯ್ಯುತ್ತಿದ್ದರು. ಮೀನಿಗೆ ಒಂದು ವ್ಯವಸ್ಥೆ ಇತ್ತು ನೋಡಿ. ಸರ್ಕಾರದ ಕಾಗದವೇ ಇತ್ತಂತೆ.

ತನಿಯಪ್ಪ ಓಡಿಬಂದ, ಬರಿಗಾಲಲ್ಲಿ. ತಂತಿಬೇಲಿ ಹಿಡಿದು, ಒಂದು ದಿನ ಕೊಡಿ, ಒಂದೇ ದಿನ, ನಾಳ... ಎಂದು ಕೂಗಿದವನು ಆ ಮಾತನ್ನು ಪೂರ್ತಿ ಹೇಳಲಾಗದೆ ಅಲ್ಲೇ ಕುಸಿದ. ಕೆಲಸದವರು ಏನು ಮಾಡುತ್ತಾರೆ? ಅವನಿಗೆ ನೀರು ಕುಡಿಸಿ ಕಳಿಸಿದರು. ಸಂಜೆಯಾಗುವಾಗ ಮದಗ ಇದ್ದಲ್ಲಿ ಮಣ್ಣು.

ಅದಾದ ಮೇಲೆ ಅವನು ಎರಡು ವರ್ಷ ಬದುಕಿದ. ಬದುಕಿದ ಎನ್ನುವುದು ಬಾಯಿಮಾತಿಗೆ. ದಿನಾ ಬೆಳಿಗ್ಗೆ ನಾಳೆ ಎಂದು ಹೇಳಿ ಕೆಲಸಕ್ಕೆ ಹೋಗುವುದು, ಬರುವುದು. ಬೇರೆ ಮದಗಗಳಿಗೆ, ಹೊಳೆಗೆ, ಕಡಲಿಗೆ ಕರೆದುಕೊಂಡು ಹೋದ. ಅವಳು ದಡದಲ್ಲಿ ನಿಂತು, ಇಲ್ಲಿ ಯಾಕೆ ನಿಲ್ಲಿಸಿದಿರಿ, ತಡವಾಗುವುದಿಲ್ಲವಾ ಎನ್ನುವಳು. 2016ರ ಚಳಿಗಾಲದಲ್ಲಿ ಒಂದು ದಿನ ಅವನು ನಿದ್ದೆಯಿಂದ ಏಳಲಿಲ್ಲ. ನನಗೆ ದುಃಖವಾಯಿತು, ಸುಳ್ಳು ಯಾಕೆ ಹೇಳಲಿ, ಒಂದಿಷ್ಟು ನೆಮ್ಮದಿಯೂ ಆಯಿತು. ಇನ್ನಾದರೂ ಇಬ್ಬರೂ ಒಟ್ಟಿಗೆ ಹೋದರು ಎಂದುಕೊಂಡೆ.

ಚಿತಾಗಾರದಿಂದ ಬರುವಾಗ ಅವನ ಮನೆಯ ಮುಂದೆ ಹಾದೆ. ಕ್ಲಾರೆನ್ಸ್ ಕಾರು ನಿಲ್ಲಿಸಲು ಹೋಗಿದ್ದ, ನಾನು ಒಬ್ಬಳೇ. ಸತ್ತ ಮೇಲೆ ಅಲ್ಲಿಯವರೆಗೆ ನಾನು ಅವಳನ್ನು ಕಂಡದ್ದಿಲ್ಲ, ಎಲ್ಲ ಅವನು ಹೇಳಿದ್ದು, ಅರ್ಧ ನಂಬಿದ್ದೆ, ಅರ್ಧ ಇಲ್ಲ. ಮೆಟ್ಟಿಲ ಮೇಲೆ ಚೆನ್ನು ಕೂತಿದ್ದಳು. ಸೂಟ್‌ಕೇಸಿನ ಮೇಲೆ ಕೈಯಿಟ್ಟುಕೊಂಡು. ಅವನು ಹೋದ ದಾರಿ ಅವಳಿಗೆ ಕಾಣಲಿಲ್ಲ, ಅವನಿಗೆ ಇವಳು ಕಾಣಲಿಲ್ಲ. ಅವಳಿಗೆ ಬೇರೆ ದಾರಿ ಎಲ್ಲಿತ್ತು? ಗಂಟಲೊಳಗೆ ಟಿಕೆಟು ಸಿಕ್ಕಿಕೊಂಡಿತ್ತಲ್ಲ.

ಟೀಚರ್, ಇವರೆಲ್ಲಿ ಕಾಣುವುದಿಲ್ಲ ಎಂದು ಕೇಳಿದಳು. ತುಳುವಿನಲ್ಲಿ. ನನ್ನ ಮಂಡಿಗೆ ಎಣ್ಣೆ ಹಚ್ಚುವಾಗಿನ ಅದೇ ದನಿ, ಅದೇ ಅಕ್ಕರೆ. ಒಂದೇ ಒಂದು ಮಾತು ನಾನು ನಿಜ ಹೇಳಿದ್ದರೆ... ಮೂವತ್ತೊಂದು ವರ್ಷ ಮಕ್ಕಳಿಗೆ ನಿಜ ಹೇಳು, ನಿಜ ಹೇಳು ಎಂದು ಬೆತ್ತ ತೋರಿಸಿದವಳು ನಾನು. ಆ ಮುಖ ನೋಡಿದೆ. ಓವರ್‌ಟೈಮ್ ಚೆನ್ನು ಎಂದೆ. ನಾಳೆ ಬರುತ್ತಾರೆ ಎಂದೆ.

ಅದಕ್ಕೇ ನಾನು ಸಿಡ್ನಿ ಬಿಟ್ಟು ಇಲ್ಲಿ ಮಗಳ ಮನೆಗೆ ಬಂದದ್ದು. ನೀವೆಲ್ಲ ಸೊಸೆಯೊಡನೆ ಜಗಳ ಎಂದು ತಿಳಿದಿದ್ದೀರಿ. ಪಾಪ, ಆ ಹುಡುಗಿ ಬಂಗಾರ. ಇಲ್ಲಿಗೆ ಬಂದರೆ ತಪ್ಪೀತು ಎಂದುಕೊಂಡೆ. ಆದರೆ ಕಾರಿನಲ್ಲಿ ಒಂಬತ್ತು ಗಂಟೆಯ ದಾರಿ, ನಡುವೆ ಕಡಲೇನಿಲ್ಲವಲ್ಲ...

ಟೀಚರ್ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಓಲ್ವಿನ್‌ಗೆ ನಗಬೇಕೆನಿಸಿತು, ಇದೆಲ್ಲ ಮುದುಕಿಯ ಕತೆ ಎಂದು ಹೇಳಿ ಎಲ್ಲರನ್ನೂ ಎಬ್ಬಿಸಬೇಕೆನಿಸಿತು, ಆದರೆ ಅತ್ತಿಗೆಯ ಮುಖ ನೋಡಿ ಹಾಗೆಯೇ ಕೂತ. ನತಾಲಿಯಾ ತಲೆ ತಗ್ಗಿಸಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದಳು. ಗೋಡೆಯ ಗಡಿಯಾರದಲ್ಲಿ ಆರೂಕಾಲು.

ಟೀಚರ್ ಹಿತ್ತಲಿನ ಬಾಗಿಲ ಕಡೆ ಮುಖ ತಿರುಗಿಸಿದರು. ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ ತುಳುವಿನಲ್ಲಿ ಏನೋ ಹೇಳಿದರು. ಅಲ್ಲಿದ್ದವರಲ್ಲಿ, ಕಿವಿ ಮುಚ್ಚಿ ಕೂತಿದ್ದ ನತಾಲಿಯಾಳನ್ನು ಬಿಟ್ಟರೆ, ತುಳು ಬರುತ್ತಿದ್ದದ್ದು ಉಡುಪಿಯ ಮನೀಷ್‌ಗೆ ಮಾತ್ರ. ಅವನು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತ.

ಏನಂದರು ಎಂದು ವಿಜೇತಾ ಅವನ ತೋಳು ಹಿಡಿದು ಕೇಳಿದಳು.

"ನಾಳೆ ಚೆನ್ನು, ನಾಳೆ ಖಂಡಿತ ಅಂದ್ರು," ಎಂದ ಮನೀಷ್. ಆಮೇಲೆ ತಡವರಿಸುತ್ತಾ, "ಅದಕ್ಕೆ ಮೊದಲು... ಹೊರಡುವನಾ ಅಂತ ಕೇಳಿದ್ದು ಯಾರು?" ಎಂದ.

ಟೀಚರ್ ಅವನ ಕಡೆ ತಿರುಗಿದರು. ಕಣ್ಣಲ್ಲಿ ನೀರು ತುಂಬಿತು.

"ನಿನಗೂ ಕೇಳಿಸಿತಾ ಮಗಾ? ಉತ್ತರ ಕೊಡಬೇಡ. ಒಂದು ಮಾತೂ ಆಡಬೇಡ. ನಾನಿರುವವರೆಗೆ ನಾನೇ ಹೇಳುತ್ತೇನೆ. ಆಮೇಲೆ ಅವಳು ಯಾರನ್ನು ಕೇಳುತ್ತಾಳೋ... ನನಗೆ ಗೊತ್ತಿಲ್ಲ."